ಓಡಿಸುವ ಹುಚ್ಚಿದ್ದವರಿಗೆ ಈಗ ಯಾವ ಕಾರು? ಚೆರ್ಕಳ–ಜಾಲ್ಸೂರು ರಸ್ತೆಯ ಲೆಕ್ಕ

ಅಕ್ಕನ ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಮೊನ್ನೆ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಐದು ಕಾರಿನ ಪಟ್ಟಿ ಕಳಿಸಿದ. ಹುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಹುಂಡೈ ಕ್ರೆಟಾ ಎನ್ ಲೈನ್, ಮಹೀಂದ್ರಾ ಬಿಇ 6, ಕೊನೆಗೆ ಸೆಕೆಂಡ್ ಹ್ಯಾಂಡ್ ಫಿಯಟ್ ಅಬಾರ್ತ್ ಪುಂಟೊ. ಒಂದೊಂದರ ಎದುರೂ ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು ಅಂತ ಬರೆದಿದ್ದ. ಕೆಳಗೆ ಒಂದು ಸಾಲು: "ಮಾವ, ಇಪ್ಪತ್ತು ಲಕ್ಷದ ಒಳಗೆ ಓಡಿಸ್ಲಿಕ್ಕೆ ಮಜಾ ಇರುವುದು ಯಾವುದು ಹೇಳಿ. ಅಮ್ಮನಿಗೆ ಹೇಳ್ಬೇಡಿ."

ಅಮ್ಮನಿಗೆ ಹೇಳಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ನಮ್ಮ ಕಡೆಯ ಹುಡುಗರು ಆಗಾಗ ಕೇಳುತ್ತಾರೆ, ಬದಿಯಡ್ಕದಲ್ಲಿ ಚಹಾ ಕುಡಿಯುವಾಗಲೂ ಇದೇ ಮಾತು, ಹಾಗಾಗಿ ಅವನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೆಕೆಂಡಿನ ಲೆಕ್ಕ ಬಿಡಿ

ನಾನು ಮೊದಲು ಮಾಡಿದ್ದು ಆ ಸೆಕೆಂಡುಗಳನ್ನೆಲ್ಲ ಹೊಡೆದು ಹಾಕಿದ್ದು. ಚೆರ್ಕಳದಿಂದ ಬೋವಿಕ್ಕಾನ, ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ರಸ್ತೆ ಗೊತ್ತಿದ್ದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಒಂದು ಕಡೆ ಕೆಂಪುಕಲ್ಲಿನ ಬರೆ, ಇನ್ನೊಂದು ಕಡೆ ಅಡಿಕೆ ತೋಟದ ಇಳಿಜಾರು, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು, ಅದರಾಚೆಯಿಂದ ಹಾರ್ನ್ ಹೊಡೆಯುತ್ತಾ ಬರುವ ಬಸ್ಸು. ಅಲ್ಲಿ ನೂರು ಮುಟ್ಟಿಸುವವನಿಗೆ ಬೇಕಾದ್ದು ಕಾರಲ್ಲ, ಬುದ್ಧಿ. ಐವತ್ತರಲ್ಲಿ ಹೋದರೆ ಚಂದ, ಅರುವತ್ತು ಜಾಸ್ತಿ.

ಇನ್ನು ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಆರು ಲೇನಿನ ಹೊಸ ಹೆದ್ದಾರಿ ಆಗಿದೆ. ಅಲ್ಲಿ ಎಲ್ಲ ಕಾರೂ ಒಂದೇ. ಕ್ರೂಸ್ ಕಂಟ್ರೋಲ್ ಹಾಕಿ ಕೂತರೆ ಉಪ್ಪಳ ಯಾವಾಗ ಹೋಯಿತು, ಕುಂಬಳೆ ಯಾವಾಗ ಬಂತು ಗೊತ್ತಾಗುವುದಿಲ್ಲ. ಜಾಸ್ತಿ ಒತ್ತಿದರೆ ಕ್ಯಾಮರಾ ಫೋಟೋ ತೆಗೆದು ಮನೆಗೆ ಚಲನ್ ಕಳಿಸುತ್ತದೆ.

ಅದಕ್ಕೇ ನನ್ನ ಅಳತೆಗೋಲು ಬೇರೆ. ಐವತ್ತು ಕಿ.ಮೀ. ವೇಗದಲ್ಲಿ ಈ ಕಾರು ನನಗೆ ಎಂತ ಕೆಲಸ ಕೊಡುತ್ತದೆ? ಇಷ್ಟೇ ಪ್ರಶ್ನೆ. ಓಡಿಸುವ ಖುಷಿ ಅಂತ ನಾವು ಹೇಳುವುದು ಕೈಗೆ, ಕಾಲಿಗೆ, ಕಿವಿಗೆ ಸಿಗುವ ಕೆಲಸವನ್ನೇ. ವೇಗ ಅದರ ಜೊತೆಗೆ ಬಂದರೆ ಬರಲಿ.

ನನ್ನ ಹತ್ತಿರ 2001ರ ಒಂದು ಮಾರುತಿ ಝೆನ್ ಇದೆ. 993 ಸಿಸಿ ಎಂಜಿನ್, ಅರುವತ್ತರ ಆಸುಪಾಸು ಹಾರ್ಸ್‌ಪವರ್, ತೂಕ ಮುಕ್ಕಾಲು ಟನ್. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಏರ್‌ಬ್ಯಾಗ್ ಅಂತೂ ಕೇಳಲೇಬೇಡಿ. ಹದಿನೈದು ವರ್ಷ ದಾಟಿದ ಮೇಲೆ ಗ್ರೀನ್ ಟ್ಯಾಕ್ಸ್ ಕಟ್ಟಿ ಮತ್ತೆ ರಿಜಿಸ್ಟ್ರೇಶನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಗೇರ್ ಲಿವರಿನ ತಲೆಯ ಮೇಲಿದ್ದ ನಂಬರು ಅಳಿಸಿಹೋಗಿ ಗೋಲಿಯ ಹಾಗೆ ನುಣ್ಣಗಾಗಿದೆ. ಆದೂರಿನ ಹತ್ತಿರದ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಬೆರಳಿಗೆ ಒಂದು ಸಣ್ಣ 'ಟಕ್' ಸಿಗುತ್ತದೆ, ಕ್ಲಚ್ ಬಿಡುವ ಮೊದಲು ಬಲಗಾಲು ಆಕ್ಸಿಲರೇಟರನ್ನು ಒಂದು ಚೂರು ತಟ್ಟಿ ಎಂಜಿನ್ನಿನ ಸುತ್ತು ಏರಿಸಿರಬೇಕು, ಇಲ್ಲದಿದ್ದರೆ ಕಾರು ಮೂಗು ತಗ್ಗಿಸಿ ಜಗ್ಗುತ್ತದೆ. ಎದುರಿನ ಚಕ್ರ ಟಾರು ಬಿಟ್ಟು ಮಣ್ಣಿಗೆ ತಾಗಿದರೆ ಅಂಗೈಗೆ ಗೊತ್ತಾಗುತ್ತದೆ. ಇದೆಲ್ಲ ನಲುವತ್ತೈದು ಕಿ.ಮೀ. ವೇಗದಲ್ಲಿ. ಹಿಂದಿನ ಜೀಪಿನವನಿಗೆ ನಾನು ಮುದುಕನ ಹಾಗೆ ಹೋಗುತ್ತಿದ್ದೇನೆ ಅಂತ ಕಾಣುತ್ತದೆ, ನನಗೆ ಒಳಗೆ ಪುರುಸೊತ್ತಿಲ್ಲ.

ಹಾಗಂತ ಎಲ್ಲರೂ ಝೆನ್ ಹುಡುಕಿಕೊಂಡು ಹೋಗಿ ಅಂತ ಹೇಳುತ್ತಿಲ್ಲ. ಡಿಕ್ಕಿಯಾದರೆ ಅದರೊಳಗೆ ಕೂತವನಿಗೆ ದೇವರೇ ಗತಿ.

ದೊಡ್ಡ ಕಂಪನಿಗಳು ನಮ್ಮಂಥವರನ್ನು ಮರೆತಿವೆಯಾ?

ಅರ್ಧ ಮರೆತಿವೆ. 1986ರಲ್ಲಿ ಬಂದ ಮೊದಲ ಬಿಎಂಡಬ್ಲ್ಯು ಎಂ3ಗೆ ಇದ್ದದ್ದು ಸುಮಾರು 200 ಹಾರ್ಸ್‌ಪವರ್, ತೂಕ ಸುಮಾರು 1,200 ಕೆ.ಜಿ. ಈಗಿನ ಎಂ5 ನೋಡಿ, ಎಂಜಿನ್ನು ಮೋಟರು ಎಲ್ಲ ಸೇರಿ 727 ಹಾರ್ಸ್‌ಪವರ್, ತೂಕ 2.4 ಟನ್ನಿನ ಆಸುಪಾಸು. ತಕ್ಕಡಿಯ ಒಂದು ಕಡೆ ಅದನ್ನಿಟ್ಟರೆ ಇನ್ನೊಂದು ಕಡೆ ಎರಡು ಹಳೇ ಎಂ3 ಇಡಬೇಕು. ಮರ್ಸಿಡಿಸ್‌ನವರು ಸಿ63ಯ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು 2 ಲೀಟರಿನ ನಾಲ್ಕು ಸಿಲಿಂಡರ್ ಹೈಬ್ರಿಡ್ ಇಟ್ಟರು. ಶಕ್ತಿ 680ಕ್ಕೆ ಏರಿತು, ತೂಕವೂ ಎರಡು ಟನ್ ದಾಟಿತು. ಕಾಗದದ ಮೇಲೆ ಎಲ್ಲದರಲ್ಲೂ ಮುಂದೆ. ಹಳೇ ಅಭಿಮಾನಿಗಳು ಮಾತ್ರ ಒಪ್ಪಲಿಲ್ಲ.

ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯ ಕಥೆ ಇನ್ನೂ ಬೇಜಾರು. ಸಾಮಾನ್ಯ ಮನುಷ್ಯನ ವೇಗದ ಕಾರು ಅಂತ ಹೆಸರು ಮಾಡಿದ ಕಾರು ಅದು. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂತು, 265 ಹಾರ್ಸ್‌ಪವರ್, ನೂರಕ್ಕೆ 5.9 ಸೆಕೆಂಡು, ಬೆಲೆ 53 ಲಕ್ಷ. ಬರುವಾಗ ಮ್ಯಾನುಯಲ್ ಗೇರ್ ಇರಲಿಲ್ಲ, ಈ ಹೊಸ ಮಾದರಿಯಲ್ಲಿ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಅದೇ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅಕ್ಟೋಬರಿನಲ್ಲಿ ಬಂತು, ನೂರೇ ನೂರು ಕಾರು, ಹತ್ತಿರ ಹತ್ತಿರ 50 ಲಕ್ಷ, ಅದೂ ಆಟೋಮ್ಯಾಟಿಕ್ ಮಾತ್ರ.

ಕಂಪನಿಯವರನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಹೊಗೆಯ ನಿಯಮ ವರ್ಷ ವರ್ಷ ಬಿಗಿಯಾಗುತ್ತಿದೆ. ಕಂಪ್ಯೂಟರ್ ಗೇರ್ ಹಾಕಿದರೆ ಎಂಜಿನ್ ಯಾವಾಗ ಎಷ್ಟು ಸುತ್ತುತ್ತದೆ ಅಂತ ಅವರ ಕೈಯಲ್ಲಿರುತ್ತದೆ, ನನ್ನ ಎಡಗಾಲನ್ನು ನಂಬಿದರೆ ಇರುವುದಿಲ್ಲ. ಡಬಲ್ ಕ್ಲಚ್ ಗೇರ್‌ಬಾಕ್ಸ್, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್, ಮನುಷ್ಯನಿಗಿಂತ ಬೇಗ ಗೇರ್ ಬದಲಿಸುತ್ತದೆ ಎನ್ನುವುದೂ ನಿಜ. ಡಿಕ್ಕಿಯಲ್ಲಿ ಜೀವ ಉಳಿಯಬೇಕಾದರೆ ಉಕ್ಕು ಬೇಕು, ಉಕ್ಕಿಗೆ ತೂಕ ಉಂಟು. ಮೇಲೆ ನಾವೇ ಶೋರೂಮಿಗೆ ಹೋಗಿ ಕೇಳುವುದು ಸನ್‌ರೂಫ್ ಇದೆಯಾ ಅಂತ ಅಲ್ವಾ?

ಇನ್ನರ್ಧ ಮರೆತಿಲ್ಲ. ಟೊಯೋಟಾದವರು ರ‍್ಯಾಲಿಗೋಸ್ಕರ 2020ರಲ್ಲಿ ಜಿಆರ್ ಯಾರಿಸ್ ಮಾಡಿದರು, ಮೂರು ಸಿಲಿಂಡರಿನ 1.6 ಲೀಟರ್ ಎಂಜಿನ್ನು, ನಾಲ್ಕೂ ಚಕ್ರಕ್ಕೆ ಶಕ್ತಿ. ಮಜ್ದಾ ಎಂಎಕ್ಸ್-5 ಈಗಲೂ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ. ಈಗಿನ ಹೋಂಡಾ ಸಿವಿಕ್ ಟೈಪ್ ಆರ್ ಬಂದದ್ದೇ ಮ್ಯಾನುಯಲ್‌ನಲ್ಲಿ ಮಾತ್ರ. ಮೂರನ್ನೂ ನಮ್ಮ ದೇಶದಲ್ಲಿ ಮಾರುವುದಿಲ್ಲ. ದುಬೈಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಟೊಯೋಟಾ ಜಿಆರ್86 ಇಟ್ಟುಕೊಂಡಿದ್ದಾನೆ, ಓಣಂ ರಜೆಗೆ ಬಂದಾಗ ಅದರ ವಿಡಿಯೋ ತೋರಿಸಿ ನಮ್ಮ ಹೊಟ್ಟೆ ಉರಿಸುತ್ತಾನೆ. ಇಲ್ಲಿ ಶೋರೂಮಿನಲ್ಲಿ ಕೊಳ್ಳುವ ಹಾಗೆ, ಮ್ಯಾನುಯಲ್ ಗೇರಿನ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಅಪ್ಪಟ ವೇಗದ ಕಾರು ಅಂದರೆ ಬಿಎಂಡಬ್ಲ್ಯು ಎಂ2ನಂಥದ್ದು. ಅದಕ್ಕೆ ಕೋಟಿ ಬೇಕು.

ಅಂದರೆ ಕೋಟಿ ಇದ್ದವನಿಗೆ ಕಂಪನಿಗಳು ಇನ್ನೂ ಗೇರ್ ಲಿವರು ಕೊಡುತ್ತಿವೆ, ಹತ್ತು ಲಕ್ಷದವನಿಗೆ ಬೇರೆ ದಾರಿ ಇಲ್ಲ ಅಂತ ಕೊಡುತ್ತಿವೆ. ನಡುವಿನವನಿಗೆ ಸ್ಟೀರಿಂಗಿನ ಹಿಂದೆ ಬೆರಳಲ್ಲಿ ಎಳೆಯುವ ಪ್ಯಾಡಲ್ ಶಿಫ್ಟರು. ಅಳಿಯ ನಿಂತಿರುವುದು ಆ ನಡುವಿನ ಬಾಗಿಲಲ್ಲಿ.

ಐ20 ಎನ್ ಲೈನ್, ಅದರ ಪಕ್ಕದಲ್ಲಿ ಬಡಪಾಯಿ ಸ್ವಿಫ್ಟ್

ಐ20 ಎನ್ ಲೈನ್ 2021ರಲ್ಲಿ ಬಂದಾಗ ಕ್ಲಚ್ ಪೆಡಲ್ ಇಲ್ಲದ ಒಂದು ಅರೆಬರೆ ಗೇರ್‌ಬಾಕ್ಸ್ ಕೊಟ್ಟಿದ್ದರು, ಐಎಂಟಿ ಅಂತ. ಕೈ ಗೇರ್ ಹಾಕಬೇಕು, ಕಾಲಿಗೆ ಕೆಲಸ ಇಲ್ಲ. 2023ರಲ್ಲಿ ಅದನ್ನು ತೆಗೆದು ಸರಿಯಾದ ಆರು ಗೇರಿನ ಮ್ಯಾನುಯಲ್ ಕೊಟ್ಟರು. ಒಂದು ಲೀಟರಿನ ಟರ್ಬೊ, 120 ಹಾರ್ಸ್‌ಪವರ್, 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಗಟ್ಟಿ, ಎಕ್ಸಾಸ್ಟಿನ ಸದ್ದೂ ಸ್ವಲ್ಪ ದಪ್ಪ. ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರಾದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಶೇಕಡಾ ಮಾತ್ರ. ವರ್ಟಸ್, ಕ್ರೆಟಾಕ್ಕೆ 40. ಈ ಒಂದು ವ್ಯತ್ಯಾಸದಲ್ಲೇ ಒಳ್ಳೆಯ ಟಯರು, ಎರಡು ವರ್ಷದ ಪೆಟ್ರೋಲು ಬರುತ್ತದೆ.

ಮುಳ್ಳೇರಿಯದ ರಸ್ತೆಗೆ ಇದರ ಅಳತೆ ಸರಿ. ಅಗಲ ಕಡಿಮೆ, ಬಸ್ಸು ಬಂದರೆ ಬದಿಗೆ ಸರಿಯಲು ಜಾಗ ಸಿಗುತ್ತದೆ. ನನಗೆ ಹಿಡಿಸದ್ದು ಸ್ಟೀರಿಂಗ್. ಭಾರ ಉಂಟು, ಸುದ್ದಿ ಇಲ್ಲ. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗಿನ ಕಾಯಿಲೆ ಇದು. ಮೊದಲಿನ ಹೈಡ್ರಾಲಿಕ್ ಸ್ಟೀರಿಂಗಿನಲ್ಲಿ ಚಕ್ರದ ನಡುಕ ಎಣ್ಣೆಯ ಮೂಲಕ ಸ್ವಲ್ಪವಾದರೂ ಕೈಗೆ ಬರುತ್ತಿತ್ತು. ಈಗ ನಡುವೆ ಒಂದು ಮೋಟರು ಕೂತು, ಯಾವುದು ಹೇಳಬೇಕು ಯಾವುದು ಹೇಳಬಾರದು ಅಂತ ತಾನೇ ತೀರ್ಮಾನ ಮಾಡುತ್ತದೆ. ಆದರೂ ಹನ್ನೆರಡು ಲಕ್ಷದ ಆಸುಪಾಸಿನಲ್ಲಿ ಇಷ್ಟು ಕೆಲಸ ಕೊಡುವ ಹೊಸ ಕಾರು ಬೇರೆ ಹೆಚ್ಚಿಲ್ಲ.

ಹುಡುಗರು ನಗುತ್ತಾರೆ, ಆದರೂ ಹೇಳುತ್ತೇನೆ, ಇದನ್ನು ನೋಡಲು ಹೋಗುವ ದಿನ ಮಾಮೂಲಿ ಸ್ವಿಫ್ಟನ್ನೂ ಓಡಿಸಿ ನೋಡಿ. 2024ರ ಸ್ವಿಫ್ಟಿನಲ್ಲಿ ನಾಲ್ಕು ಸಿಲಿಂಡರ್ ಹೋಗಿ ಮೂರು ಬಂತು, ಶಕ್ತಿ 90ರಿಂದ 82ಕ್ಕೆ ಇಳಿಯಿತು. ಮೊದಲಿನ ಎಂಜಿನ್ನಿನ ರೇಷ್ಮೆಯಂಥ ಓಟ ಇಲ್ಲ, ಅದು ನನಗೂ ಬೇಜಾರೇ. ಆದರೆ ಕಾರು 920 ಕೆ.ಜಿ. ಆಸುಪಾಸು. ಟರ್ಬೊ ಇಲ್ಲದ್ದರಿಂದ ಏರಿನಲ್ಲಿ ಸರಿಯಾದ ಗೇರಿನಲ್ಲಿ ಇಟ್ಟುಕೊಳ್ಳದಿದ್ದರೆ ಉಸಿರು ಬಿಡುತ್ತದೆ, ಇಟ್ಟುಕೊಂಡರೆ ಓಡುತ್ತದೆ. ಟರ್ಬೊ ಕಾರಿನಲ್ಲಿ ಮೂರನೇ ಗೇರಿನಲ್ಲಿ ಸೋಮಾರಿಯ ಹಾಗೆ ಕೂತರೂ ಟಾರ್ಕು ಎಳೆದುಕೊಂಡು ಹೋಗುತ್ತದೆ. ಯಾರು ಜಾಸ್ತಿ ಕೆಲಸ ಕೊಟ್ಟರು ಈಗ ಹೇಳಿ! ಇಷ್ಟಾಗಿಯೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಐ20ಯನ್ನೇ ಹಿಡಿಯುತ್ತೇನೆ, ಬ್ರೇಕಿನ ನೆಚ್ಚಿಕೆಗೆ, ಕೂತಾಗ ಸಿಗುವ ಗಟ್ಟಿತನಕ್ಕೆ. ಸ್ವಿಫ್ಟ್ ಮಾತ್ರ ಕೈಗೆಟುಕುವವರು ಮುಖ ಸಣ್ಣ ಮಾಡಬೇಕಾಗಿಲ್ಲ.

ವರ್ಟಸ್ ಜಿಟಿಯೋ, ಕ್ರೆಟಾ ಎನ್ ಲೈನೋ

ಅಳಿಯ ತಲೆ ಕೆಡಿಸಿಕೊಂಡಿರುವುದು ಇಲ್ಲಿ. ಎರಡರಲ್ಲೂ ಒಂದೂವರೆ ಲೀಟರ್ ಟರ್ಬೊ. ವರ್ಟಸ್‌ನಲ್ಲಿ 150 ಹಾರ್ಸ್‌ಪವರ್, 250 ನ್ಯೂಟನ್ ಮೀಟರ್. ಕ್ರೆಟಾದಲ್ಲಿ 160, 253. ಎರಡರಲ್ಲೂ ಆರು ಗೇರಿನ ಮ್ಯಾನುಯಲ್ ಬಂದಿದೆ, ವರ್ಟಸ್ ಜಿಟಿಗೆ 2023ರಲ್ಲಿ, ಕ್ರೆಟಾ ಎನ್ ಲೈನಿಗೆ 2024ರ ಮಾರ್ಚಿನಲ್ಲಿ ಹುಟ್ಟಿದಂದಿನಿಂದಲೇ. ಕಾಗದ ನೋಡಿದರೆ ಕ್ರೆಟಾ ಗೆದ್ದಿತು. ಎತ್ತರ ಉಂಟು, ರಸ್ತೆ ಹಾಳಾದರೆ ಚಿಂತೆ ಇಲ್ಲ, ಅಕ್ಕನಿಗೆ ಮಂಡಿ ನೋವು, ಹತ್ತಿ ಇಳಿಯಲು ಸುಲಭ.

ಆದರೆ ಎತ್ತರದ ಕಾರಿನಲ್ಲಿ ತೂಕ ಮೇಲೆ ಇರುತ್ತದೆ. ಎಡ ತಿರುವು ಮುಗಿದು ಕೂಡಲೇ ಬಲ ತಿರುವು ಬಂದಾಗ ಆ ತೂಕ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಬೇಕು, ಅದು ಹೊರಳಿ ಕೂರುವವರೆಗೆ ನೀವು ಕಾಯಬೇಕು. ವರ್ಟಸ್‌ನಲ್ಲಿ ಆ ಕಾಯುವಿಕೆ ಕಡಿಮೆ. ತಗ್ಗು ಸೆಡಾನ್, ಸುಮಾರು ಒಂದೂಕಾಲು ಟನ್. ತಗ್ಗು ಅಂದರೆ ರಸ್ತೆಯ ಹಂಪ್‌ಗೆ ಹೊಟ್ಟೆ ತಾಗುತ್ತದಾ ಅಂತ ಹೆದರಬೇಡಿ, ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ಉಂಟು. ಐದು ಜನ, ಮೇಲೆ ಡಿಕ್ಕಿಯಲ್ಲಿ ಎರಡು ಗೋಣಿ ತೆಂಗಿನಕಾಯಿ ಇದ್ದರೆ ಮಾತು ಬೇರೆ.

ಎರಡನ್ನೂ ಓಡಿಸಿ ನೋಡಿದೆ. ವರ್ಟಸ್‌ನ ಕ್ಲಚ್ಚು ಝೆನ್ನಿನಿಂದ ಇಳಿದವನಿಗೆ ಸ್ವಲ್ಪ ಉದ್ದ ಅನಿಸಿತು. ಗೇರು ಮಾತ್ರ ಬೆಣ್ಣೆ ಕಡೆದ ಹಾಗೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ದಾಟಿದರೆ ಟರ್ಬೊ ಎದ್ದು ಬರುತ್ತದೆ, ಅದರ ಕೆಳಗೆ ಮಲಗಿರುತ್ತದೆ, ಏರಿನ ಹಿಮ್ಮುರಿ ತಿರುವಿನಲ್ಲಿ ಎರಡನೇ ಗೇರಿಗೆ ಬರದೆ ಹೋದರೆ ಅದು ಅಲ್ಲೇ ತೋರಿಸಿಕೊಡುತ್ತದೆ. ಇದೇ ನನಗೆ ಬೇಕಾದ್ದು! ಹೆದ್ದಾರಿಯಲ್ಲಿ ಹಗುರ ಕಾಲಿಟ್ಟು ಹೋದರೆ ಎರಡು ಸಿಲಿಂಡರನ್ನು ತಾನೇ ಆಫ್ ಮಾಡಿ ಪೆಟ್ರೋಲು ಉಳಿಸುತ್ತದೆ, ಗಮನವಿಟ್ಟು ಕೇಳದಿದ್ದರೆ ಗೊತ್ತಾಗುವುದಿಲ್ಲ.

ಕ್ರೆಟಾದ ಎಂಜಿನ್ ಇನ್ನೂ ಹುರುಪಿನದು, ಅದರಲ್ಲಿ ತಕರಾರಿಲ್ಲ. ಸಂಪಾಜೆ ಘಾಟಿ ಹತ್ತುವಾಗ ಲಾರಿ ಹಿಂದೆ ಹಾಕುವುದೇ ನಿಮ್ಮ ಖುಷಿಯಾದರೆ ಅದನ್ನೇ ತೆಗೆದುಕೊಳ್ಳಿ. ಹತ್ತುವುದಕ್ಕೆ ಕ್ರೆಟಾ, ತಿರುಗುವುದಕ್ಕೆ ವರ್ಟಸ್. ನಮ್ಮ ಕಡೆ ಏರಿಗಿಂತ ತಿರುವು ಜಾಸ್ತಿ, ಹಾಗಾಗಿ ನನ್ನ ಓಟು ವರ್ಟಸ್‌ಗೆ.

ಡಿಎಸ್‌ಜಿ ಅಂದರೆ ಫೋಕ್ಸ್‌ವ್ಯಾಗನ್‌ನ ಡಬಲ್ ಕ್ಲಚ್ ಆಟೋಮ್ಯಾಟಿಕ್ ಬೇಕಾ, ಮ್ಯಾನುಯಲ್ಲಾ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ದಿನಾ ಪಂಪ್‌ವೆಲ್‌ನಲ್ಲಿ ನಿಂತು ನಿಂತು ಹೋಗುವವನಿಗೆ ಆಟೋಮ್ಯಾಟಿಕ್ ಸುಖ. ಒಣ ಕ್ಲಚ್ಚಿನ ಡಬಲ್ ಕ್ಲಚ್ ಗೇರ್‌ಬಾಕ್ಸ್ ಯಾವ ಕಂಪನಿಯದ್ದೇ ಆಗಲಿ, ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಸುತ್ತಾ ಹೋದರೆ ಬಿಸಿಯಾಗುತ್ತದೆ, ಎದುರಿನವನು ಹತ್ತಡಿ ಮುಂದೆ ಹೋಗುವವರೆಗೆ ಬ್ರೇಕ್ ಹಿಡಿದು ಕಾಯುವ ಅಭ್ಯಾಸ ಮಾಡಿಕೊಳ್ಳಿ. ಓಡಿಸುವ ಹುಚ್ಚು ಇದೆ ಅಂತ ಹೇಳುತ್ತಾ ಆಟೋಮ್ಯಾಟಿಕ್ ಕೊಂಡವರ ಮೇಲೆ ನನಗೆ ಸಿಟ್ಟೇನಿಲ್ಲ. ಸ್ವಲ್ಪ ಉಂಟು.

ಬ್ಯಾಟರಿ ಕಾರು, ಬಿಇ 6

ಇದನ್ನು ಪಟ್ಟಿಯಲ್ಲಿ ನೋಡಿದಾಗ ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. 2024ರ ನವೆಂಬರಿನಲ್ಲಿ ತೋರಿಸಿದ ಈ ಕಾರಿನಲ್ಲಿ ಮೋಟರು ಇರುವುದು ಹಿಂದೆ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. 79 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದಕ್ಕೆ 286 ಹಾರ್ಸ್‌ಪವರ್, 59ರದ್ದಕ್ಕೆ 231. ಸಣ್ಣ ಬ್ಯಾಟರಿಯದ್ದು 18.90 ಲಕ್ಷದಿಂದ ಶುರುವಾಯಿತು. ಈ ದುಡ್ಡಿಗೆ ಇಷ್ಟು ಶಕ್ತಿಯ, ಹಿಂದಿನ ಚಕ್ರ ತಳ್ಳುವ ಪೆಟ್ರೋಲ್ ಕಾರು ನಮ್ಮಲ್ಲಿ ಯಾರು ಕೊಟ್ಟಿದ್ದರು? ಮುಂದಿನ ಚಕ್ರಕ್ಕೆ ತಿರುಗುವ ಕೆಲಸ ಮಾತ್ರ, ಎಳೆಯುವ ಕೆಲಸ ಇಲ್ಲ. ತಿರುವಿನ ನಡುವೆ ಕಾಲು ಒತ್ತಿದರೆ ಅದರ ರುಚಿ ಗೊತ್ತಾಗುತ್ತದೆ.

ಆದರೆ ನನ್ನ ಅಳತೆಗೋಲಿಗೆ ಬಂದರೆ ಐವತ್ತರಲ್ಲಿ ಇದು ಬಹಳ ಕೆಲಸ ಕೊಡುವುದಿಲ್ಲ. ಗೇರಿಲ್ಲ, ಸದ್ದಿಲ್ಲ, ತೂಕ ಎರಡು ಟನ್ನಿನ ಹತ್ತಿರ. ಕಾಲಿಟ್ಟ ಕೂಡಲೇ ಟಾರ್ಕ್ ಬರುತ್ತದೆ. ಮೊದಲ ವಾರ ಅದು ಮಜಾ, ಹೆಂಡತಿ ಮಕ್ಕಳನ್ನು ಕೂರಿಸಿ ಒಮ್ಮೆ ಒತ್ತಿ ತೋರಿಸುವುದು, ಅವರು ಕಿರುಚುವುದು. ಎರಡನೇ ತಿಂಗಳಿಗೆ ಯಾರೂ ಕಿರುಚುವುದಿಲ್ಲ. ಹುಂಡೈಯವರು ಹೊರದೇಶದಲ್ಲಿ ಮಾರುವ ಅಯಾನಿಕ್ 5 ಎನ್‌ನಲ್ಲಿ ಇದಕ್ಕೊಂದು ಮದ್ದು ಹುಡುಕಿದ್ದಾರೆ. ಇಲ್ಲದ ಗೇರನ್ನು ಇದ್ದ ಹಾಗೆ ಮಾಡುತ್ತಾರೆ, ಗೇರ್ ಬದಲಿಸಿದ ಹಾಗೆ ಕಾರು ಜಗ್ಗುತ್ತದೆ, ಸ್ಪೀಕರಿನಿಂದ ಎಂಜಿನ್ ಸದ್ದು ಬರುತ್ತದೆ. ಯಕ್ಷಗಾನಕ್ಕೆ ಚೆಂಡೆಯ ರೆಕಾರ್ಡ್ ಹಾಕಿ ಕುಣಿಸಿದ ಹಾಗೆ ಅಂತ ನಾನು ಹೇಳಿದರೆ, ಕಾರು ಬರೆಯುವ ದೊಡ್ಡ ದೊಡ್ಡವರೆಲ್ಲ ಅದನ್ನು ಓಡಿಸಿ ಹೊಗಳಿದ್ದಾರೆ ಮಾವ ಅಂತ ಅಳಿಯ ಬಾಯಿ ಮುಚ್ಚಿಸುತ್ತಾನೆ. ಇರಬಹುದು. ಓಡಿಸದೆ ಬೈಯಬಾರದು.

ಲೆಕ್ಕ ಹಾಕಿದರೆ ಮುಳ್ಳೇರಿಯ–ಮಂಗಳೂರು ಓಡಾಟಕ್ಕೆ ಖರ್ಚು ಕಡಿಮೆ ಬರುವುದು ಇದರಲ್ಲೇ, ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇದ್ದರೆ. ಮಳೆಗಾಲದಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟಿಲ್ಲದೆ ಕೂರುವ ಊರಿನವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೆಕೆಂಡ್ ಹ್ಯಾಂಡ್ ಆಸೆ

ಅಬಾರ್ತ್ ಪುಂಟೊ 2015ರಲ್ಲಿ ಬಂದಾಗ 1.4 ಲೀಟರ್ ಟರ್ಬೊ, 145 ಹಾರ್ಸ್‌ಪವರ್, ಐದು ಗೇರಿನ ಮ್ಯಾನುಯಲ್, ಹೈಡ್ರಾಲಿಕ್ ಸ್ಟೀರಿಂಗು, ಬೆಲೆ ಹತ್ತು ಲಕ್ಷದೊಳಗೆ. ಅಂಥ ಕಾರು ಆಮೇಲೆ ಬರಲಿಲ್ಲ. ಅಳಿಯ ಅದನ್ನು ಪಟ್ಟಿಯ ಕೊನೆಗೆ ಬರೆದದ್ದು ನಾಚಿಕೆಯಿಂದ, ಆಸೆ ಇರುವುದು ಅದರ ಮೇಲೇ ಅಂತ ನನಗೆ ಗೊತ್ತು. ಆದರೆ ಫಿಯಟ್ ಕಾರು ಮಾರುವುದು 2019ಕ್ಕೇ ನಿಂತಿತು. ಬಿಡಿಭಾಗಕ್ಕೆ ಊರೂರು ಫೋನು ಮಾಡುವ ತಾಳ್ಮೆ ಇದ್ದವರು, ಮನೆಯಲ್ಲಿ ಇನ್ನೊಂದು ಕಾರು ಇದ್ದವರು ಮಾತ್ರ ಅದರ ತಂಟೆಗೆ ಹೋಗಬೇಕು. ಒಂದೇ ಕಾರು, ಅದೂ ಸೋಮವಾರ ಬೆಳಿಗ್ಗೆ ಆಫೀಸಿಗೆ ಮುಟ್ಟಬೇಕು ಅನ್ನುವವನಿಗೆ ಬೇಡ.

ಪೋಲೋ ಜಿಟಿ ಟಿಎಸ್‌ಐ ಇದಕ್ಕಿಂತ ಸುಲಭ, 2022ರವರೆಗೂ ಬರುತ್ತಿತ್ತು, ಆದರೆ ಜಿಟಿ ಟಿಎಸ್‌ಐ ಅಂದರೆ ಆಟೋಮ್ಯಾಟಿಕ್. ಫೋರ್ಡ್‌ನ ಹಳೇ ಫಿಯೆಸ್ಟಾ 1.6 ಎಸ್ ಇನ್ನೊಂದು ಮುತ್ತು. ಫೋರ್ಡ್ 2021ರಲ್ಲಿ ಇಲ್ಲಿಯ ಮಾರುಕಟ್ಟೆಗೆ ಕಾರು ಮಾಡುವುದನ್ನು ನಿಲ್ಲಿಸಿದ್ದು ನೆನಪಿರಲಿ. 2005ರ ನಂತರದ ಮೊದಲ ಸ್ವಿಫ್ಟು, 1.3 ಪೆಟ್ರೋಲಿನದು, ತುಕ್ಕು ಹಿಡಿಯದ್ದು ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಅಂತ ಮಾತಿಗೆ ಹೇಳಿದ್ದು, ಕಾರಿನ ಅಡಿಗೆ ಹೊಕ್ಕು ನೋಡಿ, ಕಡಲ ಬದಿಯ ಉಪ್ಪು ಗಾಳಿಯಲ್ಲಿ ನಿಂತ ಕಾರಿನ ತಳ ಒಳಗಿಂದೊಳಗೇ ಹೋಗಿರುತ್ತದೆ. ಹಳೇ ಕಾರುಗಳಿಗೆ ಈಗಿನ ಇಪ್ಪತ್ತು ಶೇಕಡಾ ಎಥನಾಲ್ ಪೆಟ್ರೋಲು ಹೊಸದು, ರಬ್ಬರ್ ಪೈಪು, ಗ್ಯಾಸ್ಕೆಟ್ಟು ಎಲ್ಲ ಮೆಕ್ಯಾನಿಕ್ಕಿನ ಹತ್ತಿರ ನೋಡಿಸಿ.

ಮಾಡಿಫೈ ಮಾಡುವ ಯೋಚನೆ ಇದ್ದವರಿಗೆ ಒಂದೇ ಮಾತು, ಕಾಸರಗೋಡಿನ ಕೆಎಲ್ 14 ನಂಬರಿನ ಕಾರಿಗೆ ಫ್ರೀ ಫ್ಲೋ ಎಕ್ಸಾಸ್ಟು, ಅಗಲದ ಚಕ್ರ ಹಾಕಿ ರಸ್ತೆಗಿಳಿಸಿದರೆ ದಂಡ ಕಟ್ಟಿ ಮತ್ತೆ ಮೊದಲಿನ ಹಾಗೆ ಮಾಡಿ ತೋರಿಸಬೇಕಾಗುತ್ತದೆ. ಮಂಗಳೂರಿನಲ್ಲಿ ಕೆಎ ನಂಬರ್ ಮಾಡಿಸಿ ಇಲ್ಲಿ ಇಟ್ಟುಕೊಳ್ಳುವ ಉಪಾಯವೂ ಒಂದು ವರ್ಷದ ಮೇಲೆ ನಡೆಯುವುದಿಲ್ಲ, ನಂಬರ್ ಬದಲಿಸಬೇಕು.

ಟಯರಿನ ವಿಷಯ, ನನ್ನ ತಪ್ಪು

ಇದನ್ನು ಹೇಳದೆ ಮುಗಿಸಿದರೆ ಮೋಸ ಮಾಡಿದ ಹಾಗೆ. ಕೆಲವು ವರ್ಷದ ಹಿಂದೆ ಜೂನ್ ಮೊದಲ ಮಳೆಗೆ ಝೆನ್ ತೆಗೆದುಕೊಂಡು ಸುಳ್ಯಕ್ಕೆ ಹೊರಟಿದ್ದೆ. ಎರಡೇ ಟಯರು ಹೊಸದು ಹಾಕಿಸಿದ್ದೆ, ಎದುರಿಗೆ. ಕಾರು ಎಳೆಯುವುದು ಎದುರಿನ ಚಕ್ರ ಅಲ್ವಾ, ಒಳ್ಳೆಯದು ಅಲ್ಲಿರಲಿ ಅಂತ. ಹಿಂದಿನದ್ದು ಬೋಳು. ಬೇಸಗೆಯ ಎಣ್ಣೆ, ಧೂಳು ಎಲ್ಲ ಮೊದಲ ಮಳೆಗೆ ಎದ್ದು ರಸ್ತೆ ಸಾಬೂನು ಹಚ್ಚಿದ ಹಾಗಿತ್ತು. ತಿರುವಿನಲ್ಲಿ ವೇಗ ಸ್ವಲ್ಪ ಜಾಸ್ತಿ ಅನಿಸಿ ಆಕ್ಸಿಲರೇಟರಿನಿಂದ ಕಾಲೆತ್ತಿದೆ, ಎದುರು ಹಿಡಿದುಕೊಂಡಿತು, ಹಿಂದಿನದ್ದು ಬಿಟ್ಟುಬಿಟ್ಟಿತು. ಕಾರು ಅರ್ಧ ಸುತ್ತು ತಿರುಗಿ ನಾನು ಬಂದ ದಾರಿಯನ್ನೇ ನೋಡುತ್ತಾ ಚರಂಡಿಗೆ ಹಿಂದಿನ ಚಕ್ರ ಇಳಿಸಿ ನಿಂತಿತು. ಅಡಿಕೆ ತೋಟದಿಂದ ನಾಲ್ಕು ಜನ ಬಂದು ಎತ್ತಿ ಇಟ್ಟರು, ಮುಕ್ಕಾಲು ಟನ್ನಿನ ಕಾರಿನ ಲಾಭ ಅದೊಂದು. ಹೊಸ ಟಯರು ಎರಡೇ ಇದ್ದರೆ ಅದು ಹಿಂದೆ ಇರಬೇಕು ಅಂತ ಅವತ್ತು ಗೊತ್ತಾಯಿತು. ಎದುರು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲೆತ್ತಿ ತಡೆಯಬಹುದು. ಹಿಂದೆ ಜಾರಿದರೆ ನಮ್ಮಂಥವರ ಕೈಗೆ ಸಿಗುವುದಿಲ್ಲ.

ಆ ಜಾಗದಲ್ಲಿ ಐ20 ಎನ್ ಲೈನೋ ವರ್ಟಸ್ಸೋ ಇದ್ದಿದ್ದರೆ ಜಾರುವ ಕಾರನ್ನು ಹಿಡಿಯುವ ಇಎಸ್‌ಸಿ ಎಂಬ ಕಂಪ್ಯೂಟರ್ ವ್ಯವಸ್ಥೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಿಡಿದು ನನ್ನನ್ನು ಸರಿದಾರಿಗೆ ತರುವ ಪ್ರಯತ್ನವಾದರೂ ಮಾಡುತ್ತಿತ್ತು. ಹೊಸ ಕಾರಿನಲ್ಲಿ ಕಂಪ್ಯೂಟರ್ ಜಾಸ್ತಿಯಾಯಿತು ಅಂತ ಬೈಯುವಾಗಲೆಲ್ಲ ನನಗೆ ಆ ಚರಂಡಿ ನೆನಪಾಗುತ್ತದೆ. ಲೇನ್ ತಪ್ಪಿದರೆ ಸ್ಟೀರಿಂಗ್ ಎಳೆಯುವ ವ್ಯವಸ್ಥೆಯನ್ನು ನಮ್ಮ ಗೆರೆಯಿಲ್ಲದ ರಸ್ತೆಯಲ್ಲಿ ಆಫ್ ಮಾಡಿಡಿ. ಇಎಸ್‌ಸಿಯನ್ನು ಮುಟ್ಟಬೇಡಿ.

ಹೊಸ ಕಾರು ತೆಗೆದುಕೊಂಡು ಹತ್ತು ಸಾವಿರ ಉಳಿಸಲು ಅಗ್ಗದ ಟಯರು ಹಾಕುವವರನ್ನು ನೋಡಿದ್ದೇನೆ. ರಸ್ತೆಗೆ ತಾಗುವುದು ನಾಲ್ಕು ಅಂಗೈಯಷ್ಟು ರಬ್ಬರು ಮಾತ್ರ. ಉಳಿದದ್ದೆಲ್ಲ ಅದರ ಮೇಲೆ ನಿಂತದ್ದು.

ಟೆಸ್ಟ್ ಡ್ರೈವಿಗೆ ಹೋದಾಗ

ಶೋರೂಮಿನವರು ಸಾಮಾನ್ಯವಾಗಿ ನೇರ ರಸ್ತೆಯಲ್ಲಿ ಒಂದು ಯೂಟರ್ನ್ ಹೊಡೆಸಿ ವಾಪಸ್ ತರುತ್ತಾರೆ. ಬಿಡಬೇಡಿ, ಒಳದಾರಿಗೆ ಹೋಗೋಣ ಅಂತ ಹೇಳಿ. ಮ್ಯೂಸಿಕ್ ಆಫ್ ಮಾಡಿ, ಎಸಿ ಕಡಿಮೆ ಮಾಡಿ. ನಲುವತ್ತರಲ್ಲಿ ಹೋಗುತ್ತಾ ಮೂರರಿಂದ ಎರಡಕ್ಕೆ ಇಳಿಸಿ ನೋಡಿ, ಎರಡು ಮೂರು ಸಲ. ಬ್ರೇಕನ್ನು ಮೆಲ್ಲ ಒತ್ತಿ, ಒತ್ತಿದಷ್ಟೇ ಹಿಡಿಯುತ್ತದಾ, ಇಲ್ಲ ಒಮ್ಮೆಲೇ ಕಚ್ಚುತ್ತದಾ? ಹಾಳಾದ ಟಾರಿನ ಮೇಲೆ ಒಂದು ಬದಿಯ ಚಕ್ರ ಹಾಕಿ, ಕೈಗೆ ಏನಾದರೂ ಗೊತ್ತಾಗುತ್ತದಾ ನೋಡಿ. ಸೀಟು ಪೂರ್ತಿ ತಗ್ಗಿಸಿ ಕೂತು ನೋಡಿ. ಕ್ಲಚ್ ಪೆಡಲಿನ ಪಕ್ಕ ಎಡಗಾಲು ಇಡಲು ಜಾಗ ಉಂಟಾ ಅಂತಲೂ. ಮ್ಯಾನುಯಲ್ ಟೆಸ್ಟ್ ಕಾರು ಇಲ್ಲ ಸರ್, ಆಟೋಮ್ಯಾಟಿಕ್ಕಿನಲ್ಲೇ ಓಡಿಸಿ ನೋಡಿ, ಎಂಜಿನ್ ಒಂದೇ, ಅಂತ ಹೇಳುತ್ತಾರೆ. ಅದಕ್ಕೆ ಒಪ್ಪಬೇಡಿ, ತರಿಸಿಕೊಡಿ ಅಂತ ಹೇಳಿ ಬನ್ನಿ. ಮ್ಯಾನುಯಲ್ ಯಾವ ವೇರಿಯಂಟಿನಲ್ಲಿ ಈಗಲೂ ಸಿಗುತ್ತದೆ ಅಂತ ಬುಕ್ ಮಾಡುವ ದಿನವೇ ಕೇಳಿ, ಕಂಪನಿಗಳು ಸದ್ದಿಲ್ಲದೆ ತೆಗೆದುಹಾಕುತ್ತವೆ.

ಅಳಿಯನ ಪಟ್ಟಿಯಲ್ಲಿ ಈಗ ಎರಡು ಉಳಿದಿವೆ, ಐ20 ಎನ್ ಲೈನ್ ಮತ್ತು ವರ್ಟಸ್ ಮ್ಯಾನುಯಲ್. ಮೊದಲನೆಯದಾದರೆ ಉಳಿದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಿ ಓಡಿಸು, ಅಲ್ಲಿ ಬಸ್ಸು ಎದುರು ಬರುವುದಿಲ್ಲ ಅಂತ ನಾನು ಹೇಳಿದ್ದೇನೆ. ವಿಷಯ ಹೇಗೋ ಅಕ್ಕನಿಗೆ ಗೊತ್ತಾಗಿದೆ. ಬೈಯಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು ನೋಡದೆ ಯಾವುದೂ ಬೇಡ ಅಂದಳಂತೆ. ಶನಿವಾರ ಮೂವರೂ ಮಂಗಳೂರಿಗೆ ಹೋಗುವುದು, ಝೆನ್ನಿನಲ್ಲಿ.